ಹಳೇ ಗೇಮು, ಗೇಮಿನ ಸಂಗೀತ: ಬೆಂಗಳೂರಿಂದ ಹೊರಟವರು ಯಾವ ಊರಲ್ಲಿ ಏನು ಕೊಳ್ಳಬೇಕು?

ಹೊರದೇಶಕ್ಕೆ ಹೋದಾಗ ಒಂದಷ್ಟು ಹಳೇ ವಿಡಿಯೊ ಗೇಮು, ಆ ಗೇಮುಗಳ ಸಂಗೀತದ ಸಿಡಿ ತರಬೇಕು ಅನ್ನುವವರು ಈಗ ಬೆಂಗಳೂರಿನಲ್ಲಿ ತುಂಬ ಜನ ಸಿಗುತ್ತಾರೆ. ಆನ್‌ಸೈಟ್ ಅಂತ ಅಮೆರಿಕಕ್ಕೆ ಹೊರಟವರಿದ್ದಾರೆ. ಹೂವು ಅರಳುವ ಕಾಲ ನೋಡಿಕೊಂಡು ಜಪಾನಿಗೆ ಟಿಕೆಟ್ ಮಾಡಿಸಿದವರಿದ್ದಾರೆ. ನಾಲ್ಕು ದಿನ ಬ್ಯಾಂಕಾಕ್ ಸುತ್ತಿ ಬರುವವರೂ ಇದ್ದಾರೆ. ಎಲ್ಲರೂ ಮೊದಲು ಕೇಳುವುದು ಎಲ್ಲಿ ಅಗ್ಗ ಅಂತ. ನಾನು ಅವರನ್ನು ಮೊದಲು ಕೇಳುವುದು, ತಂದ ಮೇಲೆ ಅದನ್ನು ಯಾವುದರಲ್ಲಿ ಹಾಕಿ ಆಡುತ್ತೀರಿ ಅಂತ. ಕಾರ್ಟ್ರಿಜ್ (ಮಷೀನಿಗೆ ಸಿಕ್ಕಿಸುವ ಗೇಮಿನ ಪ್ಲಾಸ್ಟಿಕ್ ತುಂಡು) ನೂರೇ ರೂಪಾಯಿಗೆ ಸಿಕ್ಕಿದರೂ ಮನೆಯಲ್ಲಿ ಓಡದಿದ್ದರೆ ಆ ನೂರು ರೂಪಾಯಿ ದಂಡ ತಾನೇ?

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಜಪಾನಿಗೆ ಹೋದರೆ ಸಂಗೀತದ ಸಿಡಿ ಮತ್ತು ಕೈಯಲ್ಲೇ ಹಿಡಿದು ಆಡುವ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಮಷೀನಿನ ಕಾರ್ಟ್ರಿಜ್ ಕಣ್ಣು ಮುಚ್ಚಿಕೊಂಡು ತನ್ನಿ. ಟಿವಿಗೆ ಸಿಕ್ಕಿಸಿ ಆಡುವ ನಿಂಟೆಂಡೊ ಮಷೀನುಗಳಾದ ಫ್ಯಾಮಿಕಾಂ, ಸೂಪರ್ ಫ್ಯಾಮಿಕಾಂನ ಮಾತು ಕಡಿಮೆ ಇರುವ ಗೇಮುಗಳನ್ನು ನೋಡಿಕೊಂಡು ತನ್ನಿ. ಕಥೆ ಓದಿಕೊಂಡು ಆಡುವ ಗೇಮು ಬೇಕಾದರೆ ಅಮೆರಿಕವೇ ಸರಿ. ಕನ್ಸೋಲನ್ನು, ಅಂದರೆ ಗೇಮು ಓಡಿಸುವ ಮಷೀನನ್ನು ಮಾತ್ರ ಯಾವ ದೇಶದಿಂದ ತರುವುದಾದರೂ ಎರಡು ಸಲ ಯೋಚಿಸಿ. ಯಾಕೆ ಅನ್ನುವುದು ಮುಂದಿದೆ.

ಹೊರಡುವ ಮೊದಲು ಮನೆಯಲ್ಲಿ ಏನಿದೆ ನೋಡಿ

ಜಪಾನಿನಲ್ಲಿ ಕರೆಂಟು 100 ವೋಲ್ಟ್. ಅಮೆರಿಕದಲ್ಲಿ 120. ನಮ್ಮಲ್ಲಿ 230. ಜಪಾನಿನ ಹಳೇ ಅಡಾಪ್ಟರನ್ನು ತಂದು ಜಯನಗರದ ಮನೆಯ ಪ್ಲಗ್ಗಿಗೆ ಹಾಕಿದರೆ ಅಲ್ಲೇ ಸುಟ್ಟುಹೋಗುತ್ತದೆ. ಕೆಲವು ಸಲ ಕನ್ಸೋಲನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಅಡಾಪ್ಟರ್ ಹಿಂದೆ ಇನ್‌ಪುಟ್ 100–240 ಅಂತ ಬರೆದಿದ್ದರೆ ಭಯವಿಲ್ಲ. ಸೋನಿಯ ಕೈಯಲ್ಲಿ ಹಿಡಿದು ಆಡುವ ಮಷೀನು ಪಿಎಸ್‌ಪಿಯ ಜೊತೆ ಬರುವುದು ಅಂಥದ್ದು. ಬರೀ 100 ಅಂತ ಇದ್ದರೆ ಅದನ್ನು ಅಲ್ಲೇ ಬಿಟ್ಟುಬನ್ನಿ.

ಫ್ಯಾಮಿಕಾಂ, ಸೂಪರ್ ಫ್ಯಾಮಿಕಾಂ ಎರಡಕ್ಕೂ ಅಡಾಪ್ಟರ್ ಹೊರಗಿರುತ್ತದೆ. ಎರಡಕ್ಕೂ ಒಂದೇ ಅಡಾಪ್ಟರ್ ಆಗುತ್ತದೆ, 10 ವೋಲ್ಟ್ ಡಿಸಿ. ಎಸ್‌ಪಿ ರೋಡಿನಲ್ಲಿ 9 ವೋಲ್ಟ್, ಒಂದು ಆಂಪಿಯರ್ ಅಡಾಪ್ಟರ್ ಕೇಳಿ, ಪಿನ್ನಿನ ನಡುಭಾಗ ನೆಗೆಟಿವ್ ಇರಬೇಕು ಅಂತ ಒತ್ತಿ ಹೇಳಿ. ಅಂಗಡಿಯವರು ಮೀಟರ್ ಇಟ್ಟು ತೋರಿಸುತ್ತಾರೆ, ತೋರಿಸದೆ ಇದ್ದರೆ ತೋರಿಸಿ ಅನ್ನಿ. ಸೆಗಾದ ಮೆಗಾ ಡ್ರೈವ್ ಮೊದಲ ಮಾದರಿಯಲ್ಲೂ ನಡುಭಾಗ ನೆಗೆಟಿವ್, ಎರಡನೇ ಮಾದರಿಯಲ್ಲಿ ಪಾಸಿಟಿವ್. ಹಾಗಾಗಿ ಪ್ರತಿ ಸಲವೂ ಕನ್ಸೋಲಿನ ಹಿಂದಿನ ಚಿತ್ರ ನೋಡಿಯೇ ಕೊಳ್ಳಬೇಕು. ಪ್ಲೇಸ್ಟೇಷನ್, ಸ್ಯಾಟರ್ನ್, ಡ್ರೀಮ್‌ಕಾಸ್ಟ್ ಇವುಗಳಲ್ಲಿ ಪವರ್ ಸಪ್ಲೈ ಒಳಗೇ ಕೂತಿರುತ್ತದೆ. ಜಪಾನಿನಿಂದ ಇವನ್ನು ತಂದರೆ ವೋಲ್ಟೇಜ್ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದು ಭಾರ, ಬಿಸಿಯಾಗುತ್ತದೆ, ಟಿವಿ ಸ್ಟ್ಯಾಂಡಿನಲ್ಲಿ ಜಾಗ ತಿನ್ನುತ್ತದೆ.

ಇನ್ನೊಂದು ತಲೆನೋವು ರೀಜನ್ ಲಾಕ್. ಜಪಾನಿನ ಪ್ಲೇಸ್ಟೇಷನ್ ಡಿಸ್ಕು ಅಮೆರಿಕದ ಪ್ಲೇಸ್ಟೇಷನ್ನಿನಲ್ಲಿ ಓಡುವುದಿಲ್ಲ. ಪ್ಲೇಸ್ಟೇಷನ್ 2 ಕೂಡ ಹಾಗೇ. ಗೇಮ್‌ಕ್ಯೂಬ್ ಹಾಗೇ. 3ಡಿಎಸ್ ಹಾಗೇ. ಆದರೆ ಗೇಮ್ ಬಾಯ್, ಗೇಮ್ ಬಾಯ್ ಅಡ್ವಾನ್ಸ್‌ಗೆ ಯಾವ ಬೇಲಿಯೂ ಇಲ್ಲ. ಟೋಕಿಯೊದಲ್ಲಿ ಕೊಂಡ ಕಾರ್ಟ್ರಿಜ್ಜನ್ನು ದುಬೈನಲ್ಲಿ ಕೊಂಡ ಮಷೀನಿಗೆ ಹಾಕಿದರೂ ಓಡುತ್ತದೆ. ಮೊದಲ ಗೇಮ್ ಬಾಯ್‌ಗೆ ನಾಲ್ಕು ಪೆನ್ಸಿಲ್ ಸೆಲ್ ಸಾಕು, ಅಡ್ವಾನ್ಸ್‌ಗೆ ಎರಡು. ವೋಲ್ಟೇಜ್ ಚಿಂತೆ ಇಲ್ಲ, ಟಿವಿ ಚಿಂತೆ ಇಲ್ಲ. ಇದಕ್ಕೇ ನಾನು ಪ್ರಯಾಣಿಕರಿಗೆ ಮೊದಲು ಹೇಳುವುದು ಗೇಮ್ ಬಾಯ್.

ಇನ್ನು ನಮ್ಮೂರಿನವರಿಗೆ ಮಾತ್ರ ಇರುವ ಒಂದು ಅನುಕೂಲ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಟಿವಿ ಗೇಮುಗಳು ಹೆಚ್ಚಿನವು ಫ್ಯಾಮಿಕಾಂನ ನಕಲು. ಲೈಟು ಹೋಗುವುದರೊಳಗೆ ಕಾಂಟ್ರಾದ ಇನ್ನೊಂದು ಹಂತ ದಾಟಬೇಕು ಅಂತ ಕೂತಿರುತ್ತಿದ್ದೆವಲ್ಲ, ಅದೇ ಮಷೀನು. ಹಳದಿ ಕಾರ್ಟ್ರಿಜ್ ಹಾಕುತ್ತಿದ್ದ ಆ ತೂತಿನಲ್ಲಿ 60 ಪಿನ್ ಇರುತ್ತದೆ. ಜಪಾನಿನ ಅಸಲಿ ಫ್ಯಾಮಿಕಾಂ ಕಾರ್ಟ್ರಿಜ್ಜಿನಲ್ಲೂ 60 ಪಿನ್ನೇ. ಫ್ಯಾಮಿಕಾಂನ ಅಮೆರಿಕದ ಆವೃತ್ತಿಯಾದ ಎನ್‌ಇಎಸ್‌ನಲ್ಲಿ 72 ಪಿನ್, ಆಕಾರವೂ ದೊಡ್ಡದು. ಅಂದರೆ ಅಟ್ಟದ ಮೇಲಿನ ಹಳೇ ಮಷೀನು ಇನ್ನೂ ಉಸಿರಾಡುತ್ತಿದ್ದರೆ ಅದಕ್ಕೆ ಸರಿಯಾದ ಅಂಗಡಿ ಟೋಕಿಯೊದಲ್ಲಿದೆ, ನ್ಯೂಯಾರ್ಕಿನಲ್ಲಿ ಇಲ್ಲ. ಹೊರಡುವ ಮೊದಲು ಅದನ್ನು ಇಳಿಸಿ, ಧೂಳು ಒರೆಸಿ, ಟಿವಿಗೆ ಸಿಕ್ಕಿಸಿ ನೋಡಿ.

ಟಿವಿ ವಿಷಯ ಬೇಗ ಮುಗಿಸುತ್ತೇನೆ. ಟಿವಿ ಚಿತ್ರದ ಪದ್ಧತಿ ಜಪಾನ್, ಅಮೆರಿಕದ್ದು ಎನ್‌ಟಿಎಸ್‌ಸಿ, ನಮ್ಮದು ಪಾಲ್. ಈಗಿನ ಎಲ್‌ಇಡಿ ಟಿವಿಗಳು ಸಾಮಾನ್ಯವಾಗಿ ಎರಡನ್ನೂ ತೋರಿಸುತ್ತವೆ. ಹಳದಿ-ಕೆಂಪು-ಬಿಳಿ ತೂತು ನಿಮ್ಮ ಟಿವಿಯಲ್ಲಿ ಇದೆಯಾ ನೋಡಿ, ಹೊಸ ಟಿವಿಗಳಲ್ಲಿ ಅದನ್ನು ಬಿಟ್ಟುಬಿಡುತ್ತಿದ್ದಾರೆ. ಅಗ್ಗದ ಎಚ್‌ಡಿಎಂಐ ಕನ್ವರ್ಟರ್ ಹಾಕಿದರೆ ಚಿತ್ರವೇನೋ ಬರುತ್ತದೆ, ಆದರೆ ಗುಂಡಿ ಒತ್ತಿದ್ದಕ್ಕೂ ಮಾರಿಯೊ ಜಿಗಿಯುವುದಕ್ಕೂ ನಡುವೆ ತಡವಾಗುತ್ತದೆ. ಆಟ ಕೆಡುವುದು ಅಲ್ಲೇ.

ಜಪಾನ್: ಒಂದೇ ದೇಶ, ನಾಲ್ಕು ಬಗೆಯ ಅಂಗಡಿ

ಕೆಂಪೇಗೌಡ ವಿಮಾನ ನಿಲ್ದಾಣದಿಂದ ಟೋಕಿಯೊದ ನರಿತಾಗೆ ನೇರ ವಿಮಾನ ಬಂದ ಮೇಲೆ ಜಪಾನ್ ನಮಗೆ ಹತ್ತಿರವಾಗಿದೆ. ಹೋದವರೆಲ್ಲ ಮೊದಲು ಓಡುವುದು ಟೋಕಿಯೊದ ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಬಾರಕ್ಕೆ. ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸೂಪರ್ ಪೊಟೇಟೊ ಅನ್ನುವ ಅಂಗಡಿ ಒಂದು ಕಟ್ಟಡದ ಮೂರು, ನಾಲ್ಕು, ಐದನೇ ಮಹಡಿಯಲ್ಲಿದೆ. ಗೋಡೆ ತುಂಬ ಕಾರ್ಟ್ರಿಜ್. ಐದನೇ ಮಹಡಿಯಲ್ಲಿ ಹಳೇ ಆರ್ಕೇಡ್ ಮಷೀನುಗಳಿವೆ, ನಾಣ್ಯ ಹಾಕಿ ಆಡಬಹುದು. ಹಳೇ ಪುಸ್ತಕ, ಆಟಿಕೆ, ಗೇಮು ಮಾರುವ ಮಂದರಾಕೆಯ ಎಂಟು ಮಹಡಿ ಕಟ್ಟಡ ಅಲ್ಲೇ ಹತ್ತಿರ. ಬೀಪ್ ಅನ್ನುವ ಅಂಗಡಿಯಲ್ಲಿ ಹಳೇ ಕಂಪ್ಯೂಟರ್ ಗೇಮು, ಆರ್ಕೇಡ್ ಬೋರ್ಡು ಸಿಗುತ್ತವೆ. ಟ್ರೇಡರ್, ಸುರುಗಾಯಾ, ಹೀಗೆ ಹೆಜ್ಜೆಗೊಂದು ಅಂಗಡಿ.

ಆದರೆ ಅಕಿಹಬಾರದ ಬೆಲೆ ಪ್ರವಾಸಿಗರ ಬೆಲೆ. ಜಗತ್ತಿನ ಮೂಲೆಮೂಲೆಯಿಂದ ಬಂದವರು ಅದೇ ಕಪಾಟಿನ ಮುಂದೆ ನಿಂತಿರುತ್ತಾರೆ, ಎಲ್ಲರಿಗೂ ಬೇಕಾದ ಗೇಮುಗಳು ಅಲ್ಲಿ ಅಗ್ಗವಾಗಿ ಉಳಿಯುವುದಿಲ್ಲ. ಅಪರೂಪದ ಒಂದು ನಿರ್ದಿಷ್ಟ ವಸ್ತು ಬೇಕು, ದುಡ್ಡು ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ ಅನ್ನುವವರಿಗೆ ಅಕಿಹಬಾರ.

ನಕಾನೊ ಬ್ರಾಡ್‌ವೇ ನನಗೆ ಹೆಚ್ಚು ಇಷ್ಟ. ಶಿಂಜುಕುವಿನಿಂದ ಚುವೊ ಲೈನಿನಲ್ಲಿ ಐದು ನಿಮಿಷ. ಮಂದರಾಕೆ 1980ರಲ್ಲಿ ಹಳೇ ಮಾಂಗಾ (ಜಪಾನಿ ಕಾಮಿಕ್ಸ್) ಪುಸ್ತಕದ ಅಂಗಡಿಯಾಗಿ ಶುರುವಾಗಿದ್ದು ಇಲ್ಲೇ. ಈಗ ಕಟ್ಟಡದ ಉದ್ದಕ್ಕೂ ಅವರದೇ ಸಣ್ಣಸಣ್ಣ ಮಳಿಗೆಗಳು, ನಡುನಡುವೆ ಬೇರೆಯವರದು. ಗೇಮು ಇಲ್ಲಿ ಅಕಿಹಬಾರದಷ್ಟಿಲ್ಲ. ಆದರೆ ಗೇಮಿನ ಪೋಸ್ಟರು, ಗೈಡ್ ಪುಸ್ತಕ, ಸಂಗೀತದ ಸಿಡಿ, ಆಟಿಕೆ ಎಲ್ಲ ಒಂದೇ ಸೂರಿನಡಿ ಸಿಗುತ್ತವೆ. ಮನೆಯವರ ಜೊತೆ ಹೋಗಿದ್ದರೆ ಅವರಿಗೂ ನೋಡಲು ಏನಾದರೂ ಇರುತ್ತದೆ. ನೆಲಮಾಳಿಗೆಯಲ್ಲಿ ತಿನ್ನುವ ಅಂಗಡಿಗಳಿವೆ.

ಒಸಾಕಾದ ನಿಪ್ಪೊಂಬಾಶಿಯಲ್ಲಿರುವ ಡೆನ್ ಡೆನ್ ಟೌನ್ ನಾಂಬಾದಿಂದ ನಡೆದು ಹೋಗುವಷ್ಟು ದೂರ. ಸೂಪರ್ ಪೊಟೇಟೊದ ಶಾಖೆ ಇಲ್ಲೂ ಇದೆ. ಅಕಿಹಬಾರಕ್ಕಿಂತ ನೂಕುನುಗ್ಗಲು ಕಡಿಮೆ, ನಿಧಾನವಾಗಿ ನೋಡಬಹುದು. ಕ್ಯೋಟೊ, ನಾರಾ ನೋಡುವ ಯೋಜನೆ ಇದ್ದವರು ಟೋಕಿಯೊದಲ್ಲಿ ಎಲ್ಲ ದುಡ್ಡು ಖಾಲಿ ಮಾಡಬೇಡಿ, ಅರ್ಧ ಇಲ್ಲಿಗೆ ಉಳಿಸಿಕೊಳ್ಳಿ.

ನಾಲ್ಕನೇ ಬಗೆ ಹಾರ್ಡ್ ಆಫ್ ಮತ್ತು ಬುಕ್ ಆಫ್. ದೇಶದ ತುಂಬ ಇರುವ ಹಳೇ ಸಾಮಾನಿನ ಸರಣಿ ಅಂಗಡಿಗಳು. ಊರ ನಡುವೆ ಇರುವುದಕ್ಕಿಂತ ಹೊರವಲಯದಲ್ಲಿರುವ ಶಾಖೆಯೇ ಒಳ್ಳೆಯದು. ಹಾರ್ಡ್ ಆಫ್‌ನಲ್ಲಿ ಜಂಕು ಅನ್ನುವ ವಿಭಾಗ ಇರುತ್ತದೆ, ನೀಲಿ ಬುಟ್ಟಿಗಳಲ್ಲಿ ಕನ್ಸೋಲು, ವೈರು, ಕಂಟ್ರೋಲರು, ಕಾರ್ಟ್ರಿಜ್ಜು ಎಲ್ಲ ರಾಶಿ ಹಾಕಿರುತ್ತಾರೆ. ನಮ್ಮ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್ ನೋಡಿದವರಿಗೆ ಆ ರಾಶಿಯಲ್ಲಿ ಕೈ ಆಡಿಸುವುದು ಹೇಗೆ ಅಂತ ಹೇಳಿಕೊಡಬೇಕಿಲ್ಲ. ಜಂಕು ಅಂದರೆ ಕೆಟ್ಟಿದೆ ಅಂತಲೇ ಅರ್ಥವಲ್ಲ, ಅಂಗಡಿಯವರು ಪರೀಕ್ಷೆ ಮಾಡಿಲ್ಲ, ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ. ಸರಿಯಾಗಿ ಓಡುವ ಕಾರ್ಟ್ರಿಜ್ಜುಗಳು ಅಲ್ಲಿ ಬೇಕಾದಷ್ಟು ಸಿಗುತ್ತವೆ. ನೂರು ಯೆನ್ ಅಂದರೆ ಐವತ್ತೈದು ಅರವತ್ತು ರೂಪಾಯಿ ಲೆಕ್ಕ. ಆ ದುಡ್ಡಿಗೆ ಕೈಗೆ ಬಂದದ್ದು ಓಡದಿದ್ದರೂ ಎದೆ ಒಡೆಯುವುದಿಲ್ಲ. ಕನ್ಸೋಲನ್ನು ಮಾತ್ರ ಜಂಕಿನಿಂದ ತರಬೇಡಿ, ಬೆಸುಗೆ ಹಾಕಲು ನಿಮಗೇ ಬರುತ್ತದೆ ಅನ್ನುವುದಾದರೆ ಮಾತು ಬೇರೆ.

ಒಂದು ಕಾರ್ಟ್ರಿಜ್ಜನ್ನು ಕೈಯಲ್ಲಿ ಹಿಡಿದು ನೋಡುವುದು ಹೇಗೆ ಅಂತ ಹೇಳುತ್ತೇನೆ. ಮುಂದಿನ ಲೇಬಲ್ಲಿನ ಅಂಚು ಎದ್ದಿದೆಯಾ, ಬಿಸಿಲಿಗೆ ಬಣ್ಣ ಹೋಗಿದೆಯಾ ನೋಡಿ. ತಿರುಗಿಸಿ ತಳದ ಪಿನ್ನುಗಳನ್ನು ಬೆಳಕಿಗೆ ಹಿಡಿಯಿರಿ. ಮಬ್ಬಾಗಿದ್ದರೆ ಪರವಾಗಿಲ್ಲ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಡ್ಸಿನಲ್ಲಿ ಒರೆಸಿದರೆ ಹೋಗುತ್ತದೆ. ಹಸಿರು ತುಕ್ಕು ಹಿಡಿದಿದ್ದರೆ ಬಿಡಿ. ಹಿಂಬದಿಯಲ್ಲಿ ಎಷ್ಟೋ ಸಲ ದಪ್ಪ ಮಾರ್ಕರಿನಲ್ಲಿ ಯಾವುದೋ ಮಗುವಿನ ಹೆಸರು ಬರೆದಿರುತ್ತದೆ. ಸ್ನೇಹಿತರ ನಡುವೆ ಕಾರ್ಟ್ರಿಜ್ ಅದಲುಬದಲು ಮಾಡಿಕೊಳ್ಳುವಾಗ ಕಳೆದುಹೋಗದಿರಲಿ ಅಂತ ಜಪಾನಿನ ಮಕ್ಕಳು ಹಾಗೆ ಬರೆದುಕೊಳ್ಳುತ್ತಿದ್ದರು. ಹೆಸರಿದ್ದರೆ ಬೆಲೆ ಕಡಿಮೆ. ಕಪಾಟಿನಲ್ಲಿ ಜೋಡಿಸಿಡುವವರು ಅಂಥದ್ದನ್ನು ಮುಟ್ಟುವುದಿಲ್ಲ. ಆಡುವವರಿಗೆ ಅದೇ ಲಾಭ, ನನಗಂತೂ ಆ ಹೆಸರಿದ್ದರೇ ಚೆಂದ.

ಪ್ರಗತಿಯನ್ನು ಉಳಿಸಿಕೊಳ್ಳುವ ಕಾರ್ಟ್ರಿಜ್ಜುಗಳ ಒಳಗೆ ಸಣ್ಣ ಗುಂಡಿ ಬ್ಯಾಟರಿ ಬೆಸುಗೆ ಹಾಕಿರುತ್ತಾರೆ. ಮೂವತ್ತು ವರ್ಷದ ಮೇಲೆ ಅದು ಸತ್ತಿರುವುದೇ ಹೆಚ್ಚು. ಆಟ ಓಡುತ್ತದೆ, ಉಳಿಯುವುದಿಲ್ಲ. ಊರಿಗೆ ಬಂದ ಮೇಲೆ ಮೊಬೈಲ್ ರಿಪೇರಿಯವರು ಬದಲಾಯಿಸಿಕೊಡುತ್ತಾರೆ, ಹಾಗಾಗಿ ಇದಕ್ಕೆ ಹೆದರಿ ಕೈಬಿಡಬೇಡಿ. ಚೌಕಾಸಿಗೆ ಹೋಗಬೇಡಿ, ಜಪಾನಿನಲ್ಲಿ ಬರೆದಿಟ್ಟ ಬೆಲೆಯೇ ಬೆಲೆ.

ಅಂಗಡಿಯ ಚೀಟಿಯಲ್ಲಿ ಜಪಾನಿ ಭಾಷೆಯಲ್ಲಿ ಬರೆದದ್ದನ್ನು ಫೋನಿನ ಕ್ಯಾಮೆರಾ ಹಿಡಿದು ಓದಿಸಿಕೊಳ್ಳಿ. ಡಬ್ಬಿ, ಪುಸ್ತಿಕೆ ಎರಡೂ ಇದ್ದರೆ ಹಾಗಂತ ಬರೆದಿರುತ್ತದೆ, ಓಡಿಸಿ ನೋಡಿದ್ದರೆ ಅದೂ ಬರೆದಿರುತ್ತದೆ. ಜಪಾನಿನ ಹಳೇ ಅಂಗಡಿಗಳು ಸಣ್ಣ ಗೀರನ್ನೂ ಮುಚ್ಚಿಡದೆ ಬರೆಯುತ್ತವೆ. ಈ ಪ್ರಾಮಾಣಿಕತೆಗೇ ನಾನು ಜಪಾನಿಗೆ ಮೊದಲ ಸ್ಥಾನ ಕೊಡುವುದು, ಬೆಲೆ ಆಮೇಲೆ.

ಏನು ಕೊಳ್ಳಬೇಕು? ಭಾಷೆ ಬಾರದವರಿಗೆ ಓಡುವುದು, ಜಿಗಿಯುವುದು, ಗುಂಡು ಹಾರಿಸುವುದು, ಗುದ್ದಾಡುವುದು, ಇಟ್ಟಿಗೆ ಜೋಡಿಸುವುದು. ಇವುಗಳಲ್ಲಿ ಎಷ್ಟೋ ಗೇಮುಗಳ ಮೆನು ಜಪಾನಿನಲ್ಲೂ ಇಂಗ್ಲಿಷಿನಲ್ಲೇ ಇರುತ್ತದೆ. ಸಾಮಾನ್ಯ ಫ್ಯಾಮಿಕಾಂ ಕಾರ್ಟ್ರಿಜ್ಜು ಕೆಲವೇ ನೂರು ಯೆನ್ನಿಗೆ ಸಿಗುತ್ತವೆ. ನಮ್ಮ ತಲೆಮಾರಿನ ಕಾಂಟ್ರಾದ ಜಪಾನಿ ಕಾರ್ಟ್ರಿಜ್ಜು ಅದಕ್ಕಿಂತ ದುಬಾರಿ, ಆದರೂ ಒಮ್ಮೆ ನೋಡಿ. ಅದರಲ್ಲಿ ಹಂತಗಳ ನಡುವೆ ನಕಾಶೆ ಬರುತ್ತದೆ, ಕಥೆಯ ದೃಶ್ಯಗಳಿವೆ, ಕಾಡಿನ ಎಲೆಗಳು ಗಾಳಿಗೆ ಅಲ್ಲಾಡುತ್ತವೆ, ಹಿಮದ ಹಂತದಲ್ಲಿ ಹಿಮ ಬೀಳುತ್ತದೆ. ಅಮೆರಿಕದ ಆವೃತ್ತಿಯಲ್ಲಿ ಇವು ಯಾವುವೂ ಇಲ್ಲ.

ಫ್ಯಾಮಿಕಾಂ ಕನ್ಸೋಲನ್ನೇ ತರುತ್ತೇನೆ ಅನ್ನುವವರು 1983ರ ಕೆಂಪು-ಬಿಳಿ ಮಾದರಿಗಿಂತ 1993ರ ಎವಿ ಫ್ಯಾಮಿಕಾಂ ಹುಡುಕಿ. ಹಳೆಯದರಲ್ಲಿ ಆಂಟೆನಾ ತಂತಿಯ ಔಟ್‌ಪುಟ್ ಮಾತ್ರ ಇದೆ, ಅದೂ ಜಪಾನಿನ ಚಾನೆಲ್ಲಿಗೆ ಹೊಂದುವಂಥದ್ದು. ಹೊಸದರಲ್ಲಿ ಮಾಮೂಲಿ ಎವಿ ತಂತಿ ಸಾಕು. ಫ್ಯಾಮಿಕಾಂ ಡಿಸ್ಕ್ ಸಿಸ್ಟಮ್ ನೋಡಲು ತುಂಬ ಚೆಂದ, ಆದರೆ ಒಳಗಿನ ರಬ್ಬರ್ ಬೆಲ್ಟು ಕಾಲಕ್ಕೆ ಕರಗಿ ಅಂಟಾಗುತ್ತದೆ. ಬೆಲ್ಟು ಬದಲಾಯಿಸಿದ್ದೇವೆ ಅಂತ ಅಂಗಡಿಯವರು ಬರೆದುಕೊಟ್ಟಿದ್ದರೆ ಮಾತ್ರ ಯೋಚಿಸಿ.

ಅಮೆರಿಕ, ಬ್ರಿಟನ್

ಕಥೆಯೇ ಜೀವಾಳವಾದ ಆರ್‌ಪಿಜಿ ಗೇಮುಗಳನ್ನು ಜಪಾನಿ ಭಾಷೆಯಲ್ಲಿ ಆಡುವುದು ಕಷ್ಟ. ಅವನ್ನು ಇಂಗ್ಲಿಷಿನಲ್ಲೇ ಬೇಕು ಅನ್ನುವವರಿಗೆ ಅಮೆರಿಕ. ಆದರೆ ದುಡ್ಡು ಗಟ್ಟಿ ಮಾಡಿಕೊಂಡು ಹೋಗಿ. ತೊಂಬತ್ತರ ದಶಕದಲ್ಲಿ ಈ ಬಗೆಯ ಗೇಮುಗಳು ಜಪಾನಿನಲ್ಲಿ ಲಕ್ಷಗಟ್ಟಲೆ ಮಾರಾಟವಾದವು, ಅಮೆರಿಕದಲ್ಲಿ ಅಷ್ಟು ಹೋಗಲಿಲ್ಲ. ಅದಕ್ಕೇ 1995ರ ಕ್ರೋನೊ ಟ್ರಿಗರ್‌ನ ಜಪಾನಿ ಕಾರ್ಟ್ರಿಜ್ಜು ಅಗ್ಗವಾಗಿ ಸಿಗುತ್ತದೆ, ಅಮೆರಿಕದ್ದು ಅದರ ಎಷ್ಟೋ ಪಟ್ಟು. ಪ್ರೈಸ್‌ಚಾರ್ಟಿಂಗ್ ಅನ್ನುವ ತಾಣದಲ್ಲಿ ಆವತ್ತಿನ ಬೆಲೆ ನೋಡಿಕೊಂಡು ಅಂಗಡಿಗೆ ಹೋಗಿ.

ಅಲ್ಲಿ ಊರೂರಿಗೆ ಸ್ವಂತ ಅಂಗಡಿಗಳಿವೆ. ಟೆಕ್ಸಸ್ ಕಡೆ ಹೋದವರಿಗೆ ಹಾಫ್ ಪ್ರೈಸ್ ಬುಕ್ಸ್ ಇದೆ, ಪುಸ್ತಕದ ಜೊತೆ ಹಳೇ ಗೇಮು, ರೆಕಾರ್ಡು ಇಟ್ಟಿರುತ್ತಾರೆ. ಕ್ಯಾಲಿಫೋರ್ನಿಯಾದ ಅಮೀಬಾ ಮ್ಯೂಸಿಕ್ ಸಂಗೀತಕ್ಕೆ ಹೆಸರಾದ ಜಾಗ. ಆರು ತಿಂಗಳು ಅಲ್ಲೇ ಇರುವವರಿಗೆ ಒಂದು ದೊಡ್ಡ ಅನುಕೂಲ ಏನೆಂದರೆ ಕೊಂಡದ್ದನ್ನು ಅಲ್ಲೇ ಆಡಿ ನೋಡಬಹುದು, ಸರಿಯಿಲ್ಲದಿದ್ದರೆ ವಾಪಸ್ ಕೊಡಬಹುದು. ವಾರದ ಪ್ರವಾಸಿಗೆ ಆ ಭಾಗ್ಯ ಇಲ್ಲ.

ಬ್ರಿಟನ್ನಿನ ಕರೆಂಟು ನಮ್ಮದೇ 230, ಟಿವಿ ಪದ್ಧತಿಯೂ ಪಾಲ್. ಕೇಳಲು ಇದೇ ನಮಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ಆದರೆ ಅಲ್ಲಿನ ಹಳೇ ಕನ್ಸೋಲುಗಳು 50 ಹರ್ಟ್ಸ್‌ನಲ್ಲಿ ಓಡುತ್ತವೆ. 60 ಹರ್ಟ್ಸ್‌ಗೆ ಅಂತ ಮಾಡಿದ ಎಷ್ಟೋ ಗೇಮುಗಳು ಅಲ್ಲಿ ಸುಮಾರು 17 ಶೇಕಡ ನಿಧಾನ. ಮೇಲೆ ಕೆಳಗೆ ಕಪ್ಪು ಪಟ್ಟಿ. ಸಂಗೀತವೂ ನಿಧಾನ. ಸಂಗೀತಕ್ಕಾಗಿಯೇ ಗೇಮು ಪ್ರೀತಿಸುವವರಿಗೆ ಇದು ಸಹಿಸಲು ಆಗದ ವಿಷಯ. ವೋಲ್ಟೇಜ್ ಸುಲಭ ಅನ್ನುವುದೊಂದೇ ಕಾರಣಕ್ಕೆ ಬ್ರಿಟನ್ನಿನ ಹಳೇ ಕನ್ಸೋಲ್ ತರಬೇಡಿ ಅನ್ನುತ್ತೇನೆ. ಅಲ್ಲಿಂದ ತರಬೇಕಾದದ್ದು ಎಲ್‌ಪಿ, ಅಂದರೆ ಗ್ರಾಮಫೋನ್ ತಟ್ಟೆ. ಲಂಡನ್ನಿನ ಡೇಟಾ ಡಿಸ್ಕ್ಸ್ 2015ರಿಂದ ಸೆಗಾ ಗೇಮುಗಳ ಸಂಗೀತವನ್ನು ಎಲ್‌ಪಿ ಮಾಡಿ ತರುತ್ತಿದೆ, ಕೆಲಸ ಅಚ್ಚುಕಟ್ಟು.

ಹಾಂಗ್‌ಕಾಂಗ್, ಬ್ಯಾಂಕಾಕ್, ಸಿಂಗಪುರ

ಹಾಂಗ್‌ಕಾಂಗ್‌ನಲ್ಲಿ ಮಾರಾಟ ತೆರಿಗೆಯೇ ಇಲ್ಲ. ಶಾಮ್ ಶುಯಿ ಪೊದ ಗೋಲ್ಡನ್ ಕಂಪ್ಯೂಟರ್ ಆರ್ಕೇಡ್, ಮಾಂಗ್ ಕಾಕ್‌ನ ಸೈನೊ ಸೆಂಟರ್ ಎರಡನ್ನೂ ಮೆಟ್ರೊದಲ್ಲಿ ಹೋಗಿ ನೋಡಬಹುದು. ಜಪಾನಿನ ಮಾಲು ಅಲ್ಲಿಗೂ ಬರುತ್ತದೆ. ಬ್ಯಾಂಕಾಕ್‌ನಲ್ಲಿ ಸಫಾನ್ ಲೆಕ್‌ನ ಮೆಗಾ ಪ್ಲಾಜಾ, ಮಹಡಿ ಮಹಡಿ ಆಟಿಕೆ ಮತ್ತು ಗೇಮು. ಸಿಂಗಪುರದಲ್ಲಿ ಹೊಸ ಗೇಮು ಕೊಳ್ಳಬಹುದು, ಹಳೆಯದಕ್ಕೆ ಅಂತ ಅಲ್ಲಿಗೆ ಹೋಗಬೇಕಿಲ್ಲ.

ಈ ಕಡೆ ನಕಲಿಯ ಕಾಟ ಜಾಸ್ತಿ. ಅದರಲ್ಲೂ ಗೇಮ್ ಬಾಯ್ ಅಡ್ವಾನ್ಸ್‌ನ ಪೋಕೆಮಾನ್ ಕಾರ್ಟ್ರಿಜ್ಜುಗಳಲ್ಲಿ. ಅಸಲಿಯದರ ಲೇಬಲ್ಲನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಒತ್ತಿದ ಸಣ್ಣ ಅಂಕಿ ಕಾಣುತ್ತದೆ. ಹಿಂದಿನ ಸ್ಕ್ರೂ ಮೂರು ಕಾಲಿನದು. ಪಿನ್ನುಗಳ ಮೇಲೆ ಬೋರ್ಡಿನಲ್ಲಿ ನಿಂಟೆಂಡೊ ಅಂತ ಅಚ್ಚಾಗಿರುತ್ತದೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಇಟ್ಟುಬಿಟ್ಟು ಮುಂದಿನ ಅಂಗಡಿಗೆ ನಡೆಯಿರಿ. ಡಬ್ಬಿ ಹೊಚ್ಚಹೊಸದಾಗಿ ಹೊಳೆಯುತ್ತಿದೆ, ಬೆಲೆಯೂ ಕಡಿಮೆ ಅಂದರೆ ಸಂಶಯ ಪಡಲೇಬೇಕು.

ಸಂಗೀತ: ಸಿಡಿ, ಎಲ್‌ಪಿ, ಇಲ್ಲಾ ಫೋನಿನಲ್ಲೇ?

ನನಗೆ ಪ್ರೀತಿಯ ಭಾಗ ಇದು. ಸಿಡಿಗೆ ರೀಜನ್ ಲಾಕ್ ಇಲ್ಲ, ವೋಲ್ಟೇಜ್ ಇಲ್ಲ, ಭಾಷೆಯ ತೊಡಕಿಲ್ಲ. ಡಬ್ಬಿ ಸಮೇತ ಹತ್ತು ಸಿಡಿ ಅಂದರೆ ಒಂದು ಕಿಲೊ. ಸೂಟ್‌ಕೇಸಿನ ಒಂದು ಮೂಲೆಯಲ್ಲಿ ಬಟ್ಟೆಗಳ ನಡುವೆ ಕೂತು ಬರುತ್ತವೆ.

ಗೇಮಿನ ಸಂಗೀತವನ್ನು ಬೇರೆಯಾಗಿ ಕೇಳುವ ಪರಿಪಾಠವನ್ನು ಜಪಾನ್ ಬಹಳ ಬೇಗ ಬೆಳೆಸಿತು. 1984ರಲ್ಲೇ ಸಂಗೀತಗಾರ ಹರುವೊಮಿ ಹೊಸೊನೊ ಅವರು ನಾಮ್ಕೊ ಕಂಪನಿಯ ಗೇಮುಗಳ ಸಂಗೀತದ ಎಲ್‌ಪಿ ಹೊರತಂದರು. ಟೈಟೊ ಕಂಪನಿಯ ಸಂಗೀತಗಾರರು ಝುಂಟಾಟ ಅನ್ನುವ ತಂಡವನ್ನೇ ಕಟ್ಟಿಕೊಂಡರು. ಹಿರೊಶಿ ಕವಗುಚಿ, ಯೂಝೊ ಕೊಶಿರೊ, ಯೊಕೊ ಶಿಮೊಮುರ, ನೊಬುವೊ ಉವೆಮಾತ್ಸು, ಇಂಥ ಗೇಮು ಸಂಗೀತಗಾರರ ಕೆಲಸವನ್ನೆಲ್ಲ ಸಿಡಿಯಲ್ಲಿ ತಂದ ದೇಶ ಅದು. ಅವುಗಳಲ್ಲಿ ಎಷ್ಟೋ ಸಿಡಿಗಳು ಮತ್ತೆ ಅಚ್ಚಾಗಲೇ ಇಲ್ಲ, ಫೋನಿನ ಆ್ಯಪುಗಳಿಗೂ ಬಂದಿಲ್ಲ. ಅಂಥವನ್ನು ತರಲು ಪ್ರವಾಸವೇ ಸರಿಯಾದ ಅವಕಾಶ.

ಜಪಾನಿ ಕಾರ್ಟ್ರಿಜ್ಜಿನ ಸಂಗೀತವೇ ಬೇರೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕೊನಾಮಿ ಕಂಪನಿ 1989ರಲ್ಲಿ ಅಕುಮಾಜೊ ದೆನ್ಸೆತ್ಸು ಅನ್ನುವ ಗೇಮಿನ ಕಾರ್ಟ್ರಿಜ್ಜಿನೊಳಗೆ ವಿಆರ್‌ಸಿ6 ಅನ್ನುವ ಚಿಪ್ ಇಟ್ಟಿತು. ಫ್ಯಾಮಿಕಾಂನ ಸ್ವಂತ ಐದು ದನಿಗಳ ಜೊತೆ ಈ ಚಿಪ್ ಇನ್ನೂ ಮೂರು ದನಿ ಸೇರಿಸುತ್ತದೆ. ಫ್ಯಾಮಿಕಾಂ ಕಾರ್ಟ್ರಿಜ್ಜಿನಿಂದ ಶಬ್ದವನ್ನು ಒಳಗೆ ತೆಗೆದುಕೊಳ್ಳಬಲ್ಲದು, ಅಮೆರಿಕದ ಎನ್‌ಇಎಸ್‌ನಲ್ಲಿ ಆ ದಾರಿ ಹಾಗೆ ಇಲ್ಲ. ಹಾಗಾಗಿ ಅಲ್ಲಿಗೆ ಹೋದ ಅದೇ ಗೇಮಿನಲ್ಲಿ ಸಂಗೀತ ತೆಳುವಾಯಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಮನೆಯಲ್ಲಿ ಗೇಮಿನ ಗಂಧವೇ ಇಲ್ಲದವರಿಗೂ ವ್ಯತ್ಯಾಸ ತಿಳಿಯುತ್ತದೆ. ನಮ್ಮ ಅಟ್ಟದ ನಕಲಿ ಮಷೀನು ಈ ಹೆಚ್ಚುವರಿ ದನಿಗಳನ್ನು ನುಡಿಸುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಅದಕ್ಕೆ ಅಸಲಿ ಫ್ಯಾಮಿಕಾಂ ಬೇಕು, ಇಲ್ಲವೆಂದರೆ ಸಿಡಿ.

ಎಲ್ಲಿ ಕೊಳ್ಳುವುದು? ಹೊಸದಕ್ಕೆ ಶಿಬುಯಾದ ಟವರ್ ರೆಕಾರ್ಡ್ಸ್. ಹಳೆಯದಕ್ಕೆ ಡಿಸ್ಕ್ ಯೂನಿಯನ್, ಮಂದರಾಕೆ, ಸುರುಗಾಯಾ. ತೀರಾ ಅಗ್ಗಕ್ಕೆ ಬುಕ್ ಆಫ್. ಬುಕ್ ಆಫ್‌ನಲ್ಲಿ ಗೇಮಿನ ಸಿಡಿಗಳನ್ನು ಅನಿಮೆ ಸಿಡಿಗಳ ಜೊತೆ ಸೇರಿಸಿಟ್ಟಿರುತ್ತಾರೆ, ಬೆನ್ನಿನ ಅಕ್ಷರ ಓದುತ್ತ ಒಂದೊಂದೇ ಎಳೆದು ನೋಡಬೇಕು. ತಾಳ್ಮೆ ಇದ್ದವರಿಗೆ ಸಾವಿರ, ಎರಡು ಸಾವಿರ ಯೆನ್ ಒಳಗೇ ಒಳ್ಳೊಳ್ಳೆಯವು ಸಿಗುತ್ತವೆ.

ಸಿಡಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಓಬಿ. ಡಬ್ಬಿಯ ಎಡಕ್ಕೆ ಸುತ್ತಿರುವ ಕಾಗದದ ಪಟ್ಟಿ ಅದು. ಅದರ ಮೇಲೆ ಬೆಲೆ, ಕ್ಯಾಟಲಾಗ್ ನಂಬರ್ ಇರುತ್ತದೆ. ಓಬಿ ಇದ್ದರೆ ಬೆಲೆ ಏರುತ್ತದೆ, ಕೇಳುವುದಷ್ಟೇ ಆಸೆ ಆದರೆ ಓಬಿ ಇಲ್ಲದ್ದನ್ನೇ ಆರಿಸಿ. ಆಮೇಲೆ ಡಬ್ಬಿ ತೆರೆದು ಪುಸ್ತಿಕೆ ತೆಗೆಯಿರಿ. ಸಂಗೀತಗಾರರ ಟಿಪ್ಪಣಿ, ಕೆಲವು ಸಲ ಸ್ವರಲಿಪಿ, ಚಿತ್ರ ಎಲ್ಲ ಇರುತ್ತದೆ. ಹಾಳೆ ಅಲೆಯಾಗಿದ್ದರೆ ನೀರು ಬಿದ್ದಿದೆ ಅಂತ. ಡಿಸ್ಕನ್ನು ದೀಪಕ್ಕೆ ಅಡ್ಡ ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಒಳಗಿನ ಪದರ ಕೆಡುತ್ತಿರಬಹುದು, ಬೇಡ.

ಸನ್‌ಮೇ, ಎವರ್ ಅನಿಮೆ ಅನ್ನುವ ಹೆಸರು ಕಂಡರೆ ಅದು ತೈವಾನ್ ಕಡೆಯ ನಕಲು. ಜಪಾನಿನ ಹೊರಗೆ ಇವು ತುಂಬ ಓಡಾಡುತ್ತವೆ, ಸಂಗೀತಗಾರರಿಗೆ ಒಂದು ಕಾಸೂ ಹೋಗುವುದಿಲ್ಲ. ಬ್ಲೂ-ರೇಯಲ್ಲಿ ಬಂದ ಸಂಗೀತ ಆಲ್ಬಮ್ಮುಗಳೂ ಇವೆ, ಗೇಮ್ ಕಂಪನಿ ಸ್ಕ್ವೇರ್ ಎನಿಕ್ಸ್ ಹಾಗೆ ತಂದಿದೆ. ಬ್ಲೂ-ರೇ ರೀಜನ್ ಲೆಕ್ಕದಲ್ಲಿ ಜಪಾನ್ ಎ, ಭಾರತ ಸಿ. ಡಿಸ್ಕಿನ ಹಿಂದೆ ಯಾವ ಗುರುತಿದೆ ಅಂತ ನೋಡದೆ ಕೊಳ್ಳಬೇಡಿ.

ಎಲ್‌ಪಿ ನೋಡಲು ರಾಜಠೀವಿ. ದೊಡ್ಡ ಚಿತ್ರ, ಕೈಗೆ ಭಾರ. ಆದರೆ ಎರಡು ತಟ್ಟೆಯ ಸೆಟ್ಟು ಅರ್ಧ ಕಿಲೊ ಹತ್ತಿರ ಬರುತ್ತದೆ, ಚೆಕ್-ಇನ್ ಮಾಡಿದರೆ ಮೂಲೆ ಮಡಚುತ್ತದೆ, ಕೈಯಲ್ಲೇ ಹಿಡಿದು ತರಬೇಕು. ಏರ್‌ಪೋರ್ಟಿನಿಂದ ಮನೆಗೆ ಬರುವಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಸೊಟ್ಟಗಾಗುತ್ತದೆ. ಎಂಬತ್ತರ ದಶಕದ ಜಪಾನಿ ಎಲ್‌ಪಿ ಕಣ್ಣಿಗೆ ಬಿದ್ದರೆ ಒಂದೆರಡು ತನ್ನಿ. ಈಚೆಗೆ ಅಚ್ಚಾದದ್ದನ್ನು ಅಷ್ಟು ದೂರದಿಂದ ಹೊತ್ತು ತರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಆ್ಯಪಿನಲ್ಲಿ ಇದೆಯಾ ಅಂತ ಅಂಗಡಿಯಲ್ಲೇ ನಿಂತು ಹುಡುಕಿ ನೋಡಿ. ಇದ್ದರೆ ಆ ದುಡ್ಡನ್ನು ಇಲ್ಲದ್ದಕ್ಕೆ ಉಳಿಸಿ.

ಸೂಟ್‌ಕೇಸಾ, ಪಾರ್ಸಲ್ಲಾ?

ಹೋಗದೆಯೂ ತರಿಸಬಹುದು. ಬಾಯೀ, ಜೆನ್‌ಮಾರ್ಕೆಟ್‌ನಂಥ ಮಧ್ಯವರ್ತಿಗಳು ಯಾಹೂ ಆಕ್ಷನ್ಸ್, ಮೆರ್ಕಾರಿಯಂಥ ಜಪಾನಿನ ಮಾರಾಟ ತಾಣಗಳಲ್ಲಿ ನಿಮ್ಮ ಪರವಾಗಿ ಕೊಂಡು ಕಳಿಸುತ್ತಾರೆ. ಆಯ್ಕೆ ಬಹಳ ದೊಡ್ಡದು. ಆದರೆ ಅವರ ಶುಲ್ಕ, ಅಂಚೆ ಖರ್ಚು, ಇಲ್ಲಿಗೆ ಬಂದ ಮೇಲೆ ಕಸ್ಟಮ್ಸ್ ಸುಂಕ ಎಲ್ಲ ಸೇರಿ ಮುನ್ನೂರು ಯೆನ್ನಿನ ಕಾರ್ಟ್ರಿಜ್ಜು ಸಾವಿರಾರು ರೂಪಾಯಿ ಆಗುತ್ತದೆ. ಕೈಯಲ್ಲಿ ಹೊತ್ತು ತಂದರೆ ಪ್ರಯಾಣಿಕರಿಗೆ ಇರುವ ಸುಂಕ ವಿನಾಯಿತಿ ಸಿಗುತ್ತದೆ, ಪಾರ್ಸಲ್ಲಿಗೆ ಅದಿಲ್ಲ. 2016ರ ಬ್ಯಾಗೇಜ್ ನಿಯಮದಲ್ಲಿ ಈ ಮಿತಿ 50,000 ರೂಪಾಯಿ ಇತ್ತು. ಮಿತಿ ಬದಲಾಗುತ್ತಿರುತ್ತದೆ, ಹೊರಡುವ ವಾರ ಕಸ್ಟಮ್ಸ್ ತಾಣದಲ್ಲಿ ಈಗಿನದು ನೋಡಿಕೊಳ್ಳಿ. ಬಿಲ್ಲುಗಳನ್ನೆಲ್ಲ ಒಂದು ಕವರಿನಲ್ಲಿ ಇಟ್ಟಿರಿ. ಒಂದೇ ಕನ್ಸೋಲು ಮೂರು ನಾಲ್ಕು ತಂದರೆ ಮಾರಲು ತಂದಿದ್ದೀರಿ ಅಂತ ಅನ್ನಿಸುವುದು ಸಹಜ. ನಾನು ಹೇಳುವುದು ಇಷ್ಟು: ಅಪರೂಪದ, ದುಬಾರಿಯ ಒಂದು ವಸ್ತುವಿಗೆ ಪಾರ್ಸಲ್ ಸರಿ. ಸಣ್ಣಪುಟ್ಟದಕ್ಕೆಲ್ಲ ಸೂಟ್‌ಕೇಸ್.

ಜಪಾನಿನಲ್ಲಿ 10 ಶೇಕಡ ಮಾರಾಟ ತೆರಿಗೆ. ಒಂದೇ ಅಂಗಡಿಯಲ್ಲಿ ಒಂದೇ ದಿನ ತೆರಿಗೆ ಬಿಟ್ಟು 5,000 ಯೆನ್ ಮುಟ್ಟಿದರೆ ಪ್ರವಾಸಿಗರಿಗೆ ಅದು ಮಾಫಿ, ಆ ಸೌಲಭ್ಯ ಇರುವ ಅಂಗಡಿಗಳಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. 2026ರ ನವೆಂಬರ್ 1ರಿಂದ ಪದ್ಧತಿ ಬೇರೆ: ಅಂಗಡಿಯಲ್ಲಿ ಪೂರ್ತಿ ಕೊಟ್ಟು, ದೇಶ ಬಿಡುವಾಗ ಕಸ್ಟಮ್ಸ್ ನೋಡಿದ ಮೇಲೆ ವಾಪಸ್. ಹಾಗಾಗಿ ಆಮೇಲೆ ಹೋಗುವವರು ಏರ್‌ಪೋರ್ಟಿಗೆ ಸ್ವಲ್ಪ ಬೇಗ ಹೊರಡಿ, ಕೊಂಡದ್ದನ್ನು ಸುಲಭವಾಗಿ ತೆಗೆದು ತೋರಿಸುವ ಹಾಗೆ ಇಟ್ಟುಕೊಳ್ಳಿ. ಲಿಥಿಯಂ ಬ್ಯಾಟರಿ ಇರುವ ಪಿಎಸ್‌ಪಿ, ಡಿಎಸ್, ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ನಿಮ್ಮ ಕೈಚೀಲದಲ್ಲೇ ಇರಲಿ, ಬಿಡಿ ಬ್ಯಾಟರಿಗಳಂತೂ ಚೆಕ್-ಇನ್ ಮಾಡುವ ಹಾಗೇ ಇಲ್ಲ.

ಇಷ್ಟೆಲ್ಲ ಓದಿದ ಮೇಲೂ ಟೋಕಿಯೊದಲ್ಲಿ ಒಂದೇ ದಿನ ಇದೆ, ಎಲ್ಲಿಗೆ ಹೋಗಲಿ ಅನ್ನುವವರಿಗೆ: ಬೆಳಗ್ಗೆ ಅಕಿಹಬಾರಕ್ಕೆ ಹೋಗಿ ಬರೀ ನೋಡಿ, ಬೆಲೆ ಬರೆದುಕೊಳ್ಳಿ, ಹೆಚ್ಚೆಂದರೆ ಗೇಮ್ ಬಾಯ್ ಕಾರ್ಟ್ರಿಜ್ಜು ಕೊಳ್ಳಿ. ಅಂಗಡಿಗಳು ಬಾಗಿಲು ತೆಗೆಯುವುದೇ ಹತ್ತು ಹನ್ನೊಂದರ ಮೇಲೆ, ತೀರಾ ಬೇಗ ಹೋಗಿ ಕಾಯಬೇಡಿ. ಮಧ್ಯಾಹ್ನ ನಕಾನೊದಲ್ಲಿ ಸಿಡಿ ಹುಡುಕಿ. ಸಂಜೆ ನಿಮ್ಮ ಹೋಟೆಲಿಗೆ ಹತ್ತಿರದ ಬುಕ್ ಆಫ್ ಯಾವುದು ಅಂತ ನಕಾಶೆಯಲ್ಲಿ ನೋಡಿ ಅಲ್ಲಿಗೆ ಹೋಗಿ, ಬೆಳಗ್ಗೆ ಬರೆದುಕೊಂಡ ಬೆಲೆಯ ಪಟ್ಟಿ ಜೊತೆಗಿರಲಿ. ಅರ್ಧ ದಿನವಷ್ಟೇ ಇದ್ದರೆ ಅಕಿಹಬಾರ ಬಿಟ್ಟು ನಕಾನೊಗೇ ಹೋಗಿ.